ಮೂವತ್ತೇಳನೇ ತೋಟದ ಕಾಂಗರೂ

ಓರ್ಟ್ವಿನ್ ಝಾಸ್ಸೆ ಸುಳ್ಳು ಹೇಳುವವನಲ್ಲ. ಹೇಳಲು ಬರುವುದಿಲ್ಲ ಎಂದರೆ ಇನ್ನೂ ಸರಿ. ಮೂವತ್ತೆರಡು ವರ್ಷ ಹಿಲ್ಡೆಸ್‌ಹೈಮಿನ ಲಿಫ್ಟುಗಳನ್ನು ರಿಪೇರಿ ಮಾಡಿ ನಿವೃತ್ತನಾದ ಮನುಷ್ಯ. ಮೇಲೆ ಹೋಗುವುದು, ಕೆಳಗೆ ಬರುವುದು, ಈ ಎರಡೇ ದಿಕ್ಕು ಅವನಿಗೆ ಗೊತ್ತು. ಮಾತು ಸ್ವಲ್ಪ ಅಡ್ಡ ತಿರುಗಿದರೂ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವನ ಹಾಗೆ ಕಣ್ಣು ಕಣ್ಣು ಬಿಡುತ್ತಾನೆ. ಅಂಥವನು ಹೋದ ಮೇ ತಿಂಗಳಲ್ಲಿ ಒಂದೇ ಒಂದು ಸುಳ್ಳು ಹೇಳಿದ. ಅದೂ ಪಕ್ಕದವಳ ಮನಸ್ಸು ನೋಯಬಾರದೆಂದು. ಆ ಸುಳ್ಳು ನಮ್ಮ ‘ಮುಂಜಾನೆಯ ಇಬ್ಬನಿ’ ತೋಟಗಾರರ ಸಂಘದ ಅರವತ್ತೆರಡು ತೋಟಗಳನ್ನೂ ಸುತ್ತಿ, ನಗರದ ಕಚೇರಿಗೂ ಹೋಗಿ, ಅಲ್ಲಿಂದ ಬಲೆ ಹಿಡಿದುಕೊಂಡು ವಾಪಸು ಬಂತು.

ಸಂಘ ಸದಸ್ಯರಿಗೆ ಬಾಡಿಗೆಗೆ ಕೊಡುವ ಪುಟ್ಟ ತೋಟಗಳು ಇವು. ನನ್ನದು ಮೂವತ್ತಾರನೇ ತೋಟ, ಅವನದು ಮೂವತ್ತೇಳು. ನಡುವಿನ ಬೇಲಿ ನಿಯಮದ ಪ್ರಕಾರ ಒಂದೂಕಾಲು ಮೀಟರಿಗಿಂತ ಎತ್ತರ ಇರುವಂತಿಲ್ಲ. ಆದ್ದರಿಂದ ತೋಟದಲ್ಲಿ ನಡೆದದ್ದರ ಮಟ್ಟಿಗೆ ನಾನು ಕಂಡದ್ದನ್ನೇ ಹೇಳುತ್ತಿದ್ದೇನೆ, ಕೇಳಿದ್ದನ್ನಲ್ಲ.

ಎಲ್ಲಕ್ಕೂ ಮೂಲ ಲಿನ್ಸೆ. ಓರ್ಟ್ವಿನ್ ಹೆಂಡತಿ ರೋಸ್ವಿಥಾಳ ಡ್ಯಾಶ್‌ಹಂಡ್ ನಾಯಿ. ಗೇಣುದ್ದ ಕಾಲು, ಮೊಳದುದ್ದ ಮೈ, ಚನ್ನಂಗಿಬೇಳೆಯ ಬಣ್ಣ. ಲಿನ್ಸೆ ಅಂದರೆ ಜರ್ಮನ್ ಭಾಷೆಯಲ್ಲಿ ಆ ಬೇಳೆಯೇ. ಈ ಲಿನ್ಸೆಗೆ ಎರಡು ವರ್ಷದಿಂದ ಮೈ ತುರಿಕೆ. ಕಂಕುಳು ಕೆಂಪು, ಹೊಟ್ಟೆ ಕೆಂಪು, ಬೆರಳ ಸಂದುಗಳನ್ನು ನೆಕ್ಕಿ ನೆಕ್ಕಿ ಹಸಿ ಮಾಡಿಕೊಂಡಿದ್ದಳು. ಹಿಂಗಾಲಿನಿಂದ ಕೆರೆದುಕೊಳ್ಳುವಾಗ ಆ ಕಾಲು ನೆಲಕ್ಕೆ ಬಡಿದು ಟಕಟಕಟಕ ಅನ್ನುತ್ತಿತ್ತು. ಅವರ ಕೆಳಮನೆಯವರು, ಝಾಸ್ಸೆ ದಂಪತಿ ನಿವೃತ್ತಿಯ ಮೇಲೆ ಮರಗೆಲಸ ಶುರುಮಾಡಿದ್ದಾರೆ ಎಂದೇ ನಂಬಿದ್ದರು. ಮುಲಾಮು ಹಚ್ಚಿದರು, ಓಟ್ಸ್ ನೀರಿನ ಸ್ನಾನ ಮಾಡಿಸಿದರು. ಮುಲಾಮನ್ನು ಲಿನ್ಸೆ ನೆಕ್ಕಿ ತಿಂದಳು. ಓಟ್ಸ್ ನೀರನ್ನೂ ಕುಡಿದಳು.

ಕೊನೆಗೆ ಪಶುವೈದ್ಯೆ ಡಾಕ್ಟರ್ ವೆಸೆಲ್ ಬಳಿ ಹೋದರು. ಅವರು ಭೂತಗನ್ನಡಿ ಹಿಡಿದು ಮೈಯೆಲ್ಲ ಹುಡುಕಿದರು, ಚರ್ಮ ಕೆರೆದು ಪರೀಕ್ಷೆ ಮಾಡಿದರು.

“ಚಿಗಟ ಇಲ್ಲ, ಕಜ್ಜಿ ಹುಳ ಇಲ್ಲ. ತಪ್ಪು ಚರ್ಮದಲ್ಲಿಲ್ಲ, ತಟ್ಟೇಲಿದೆ ಅಂತ ನನ್ನ ಅನುಮಾನ. ಎಂಟು ವಾರ ಪಥ್ಯ ಮಾಡಿ ನೋಡೋಣ. ಅವಳು ಈವರೆಗೆ ಮೂಸಿಯೂ ನೋಡದ ಒಂದು ಮಾಂಸ, ಒಂದು ಗೆಡ್ಡೆ. ಬೇರೆ ಏನೂ ಇಲ್ಲ. ಇಲ್ಲೀವರೆಗೆ ಏನೇನು ತಿಂದಿದ್ದಾಳೆ?”

“ಕೋಳಿ,” ಎಂದ ಓರ್ಟ್ವಿನ್.

ಡಾಕ್ಟರು ಪಟ್ಟಿಯಲ್ಲಿ ಕೋಳಿಯನ್ನು ಹೊಡೆದುಹಾಕಿದರು.

“ದನದ ಮಾಂಸ. ಹಂದಿ. ಟರ್ಕಿ ಕೋಳಿ.”

“ಕುರಿ?”

“ಈಸ್ಟರಿಗೆ.”

“ಬಾತು?”

“ಕ್ರಿಸ್ಮಸ್ಸಿಗೆ.”

“ಮೀನು?”

“ಶುಕ್ರವಾರ.”

“ಜಿಂಕೆಯಂತೂ ತಿಂದಿರಲಾರಳು.”

“ನನ್ನ ತಮ್ಮ ಬೇಟೆಗಾರ,” ಎಂದಳು ರೋಸ್ವಿಥಾ, ಬೆನ್ನು ನೆಟ್ಟಗೆ ಮಾಡಿಕೊಂಡು.

ಡಾಕ್ಟರು ಪೆನ್ನು ಕೆಳಗಿಟ್ಟರು. “ನಾನೇ ಇಷ್ಟು ಬಗೆ ಊಟ ಕಂಡಿಲ್ಲ. ಉಳಿದಿರೋದು ಎರಡೇ. ಕಾಂಗರೂ, ಇಲ್ಲಾ ಕುದುರೆ. ಕಾಂಗರೂ ಮಾಂಸ ತರಿಸಬೇಕು. ಕುದುರೆ ಮಾಂಸದ ಅಂಗಡಿ ಪಕ್ಕದೂರಲ್ಲೇ ಇದೆ. ಅದರ ಜೊತೆ ಗೆಣಸು ಬೇಯಿಸಿ ಹಾಕಿ. ನೆನಪಿರ್ಲಿ, ಬೇರೆ ಒಂದು ಚೂರು ಹೊಟ್ಟೆಗೆ ಹೋದ್ರೂ ಮತ್ತೆ ಒಂದನೇ ದಿನದಿಂದ ಎಣಿಸಬೇಕು.”

“ಇದಕ್ಕೂ ಬಗ್ಗದಿದ್ರೆ?” ಎಂದಳು ರೋಸ್ವಿಥಾ.

“ಜೀವನಪೂರ್ತಿ ಮಾತ್ರೆ. ಹತ್ತು ಕಿಲೋನೂ ಇಲ್ಲದ ಜೀವಕ್ಕೆ ಅದು ಬೇಡ ಅಂತ ನನ್ನಾಸೆ.”

ಇದಾದ ನಾಲ್ಕನೇ ದಿನ ರೋಸ್ವಿಥಾ ಮಂಡಿನೋವಿನ ಚಿಕಿತ್ಸೆಗೆಂದು ಮೂರು ವಾರ ಸಮುದ್ರತೀರದ ಆರೋಗ್ಯಧಾಮಕ್ಕೆ ಹೊರಟಳು. ರೈಲು ಹತ್ತುವಾಗ ಗಂಡನ ಕೈಗೆ ನಾಯಿಯ ಹಗ್ಗ ಕೊಟ್ಟು ಹೇಳಿದಳು: “ಕುದುರೆ, ಗೆಣಸು, ನೀರು. ನಾನು ಬರೋ ಹೊತ್ತಿಗೆ ಇವಳ ಹೊಟ್ಟೆ ಕೆಂಪಗಿದ್ರೆ ನಿನ್ನ ಕಿವಿ ಕೆಂಪಗಾಗುತ್ತೆ.”

ಓರ್ಟ್ವಿನ್ ಬೆಳಗಾದರೆ ಲಿನ್ಸೆಯನ್ನು ಕರೆದುಕೊಂಡು ತೋಟಕ್ಕೆ ಬರತೊಡಗಿದ. ತೋಟದ ಗುಡಿಸಲಲ್ಲಿ ಒಂದು ಗ್ಯಾಸ್ ಒಲೆ, ಒಂದು ಪಾತ್ರೆ, ಮಂಜುಗಡ್ಡೆ ತುಂಬಿದ ಒಂದು ನೀಲಿ ಡಬ್ಬಿ. ಡಬ್ಬಿಯೊಳಗೆ ಮಾಂಸ. ಗೆಣಸನ್ನು ಅವನು ಅಡಿಗೆಯ ತಕ್ಕಡಿಯಲ್ಲಿ ತೂಗಿಯೇ ಹಾಕುತ್ತಿದ್ದ. ಲಿಫ್ಟಿನ ಭಾರ ಲೆಕ್ಕ ಹಾಕಿದ ಕೈ ಅದು.

ಎಲ್ಲ ಸರಿಯಾಗಿತ್ತು. ಒಂದೇ ತೊಡಕು, ಆಚೆಯ ಮೂವತ್ತೆಂಟನೇ ತೋಟದ ಇರ್ಮ್‌ಗಾರ್ಟ್ ಟೀಡೆ. ಅಂಚೆ ಕಚೇರಿಯಿಂದ ನಿವೃತ್ತಳಾದ ಎಪ್ಪತ್ತೊಂದರ ವಿಧವೆ. ಅವಳ ತೋಟದ ಹಿಂದಿನ ಹುಲ್ಲುಗಾವಲಲ್ಲಿ ಅವಳ ಕುಳ್ಳ ಕುದುರೆ ಫ್ರಿಡೋಲಿನ್ ಇದ್ದ. ಇಪ್ಪತ್ತೊಂಬತ್ತು ವರ್ಷ, ಬಾಯಲ್ಲಿ ನಾಲ್ಕೋ ಐದೋ ಹಲ್ಲು. ಅವನ ಲದ್ದಿಯಿಂದಲೇ ನಮ್ಮೆಲ್ಲರ ಗುಲಾಬಿ ಅರಳುವುದು. ಇರ್ಮ್‌ಗಾರ್ಟ್ ಅವನಿಗೆ ಬೆಳಿಗ್ಗೆ ಪತ್ರಿಕೆ ಓದಿ ಹೇಳುತ್ತಿದ್ದಳು. ಅಪಘಾತದ ಸುದ್ದಿ ಬಿಟ್ಟು.

ಮೊದಲನೆಯ ದಿನವೇ ಅವಳು ಬೇಲಿಗೆ ಬಂದು ಮೂಗು ಅರಳಿಸಿದಳು.

“ಏನೋ ಅದು ಓರ್ಟ್ವಿನ್, ಘಮ್ಮಂತಿದೆ?”

ಓರ್ಟ್ವಿನ್ ಬಾಯಿ ತೆರೆದ. ಅವಳ ಭುಜದ ಹಿಂದೆ ಫ್ರಿಡೋಲಿನ್ ಹುಲ್ಲು ಜಗಿಯುವುದನ್ನು ನಿಲ್ಲಿಸಿ ಇವನನ್ನೇ ನೋಡುತ್ತಿದ್ದ.

“ಕು...” ಎಂದ ಓರ್ಟ್ವಿನ್.

“ಕು?”

“ಕಾ...”

“ಕಾ ಏನೋ, ಕಾಗೆಯಾ?”

“ಕಾಂಗರೂ!” ಎಂದುಬಿಟ್ಟ ಓರ್ಟ್ವಿನ್. ಹೇಳಿ ಹಣೆಯ ಬೆವರು ಒರೆಸಿಕೊಂಡ.

“ಅಯ್ಯೋ ಶಿವನೇ!” ಅನ್ನುವ ಧಾಟಿಯಲ್ಲಿ ಅವಳ ದೇವರನ್ನು ಕರೆದಳು ಇರ್ಮ್‌ಗಾರ್ಟ್. “ಅಷ್ಟು ದೊಡ್ಡ ನೆಗೆಯೋ ಪ್ರಾಣಿನ ಇಷ್ಟು ಪುಟ್ಟ ಹೊಟ್ಟೆಗಾ? ಪಾಪದ್ದು ಕಣೋ!”

ಮಧ್ಯಾಹ್ನದೊಳಗೆ ಹನ್ನೆರಡನೇ ತೋಟದಲ್ಲಿ ಸುದ್ದಿ: ಝಾಸ್ಸೆ ಹತ್ತಿರ ಕಾಂಗರೂ ಇದೆಯಂತೆ. ಸಂಜೆಗೆ ಐವತ್ತನೇ ತೋಟ ತಲುಪುವಾಗ ಅದಕ್ಕೆ ಹೊಟ್ಟೆಚೀಲದಲ್ಲಿ ಮರಿಯೂ ಆಗಿತ್ತು. ಮಕ್ಕಳು ಗುಡಿಸಲ ಕಿಟಕಿಗೆ ಮೂಗು ಒತ್ತಿ ನೋಡಿದರು. ನನ್ನ ಹೆಂಡತಿ ನಮ್ಮ ಲೆಟ್ಯೂಸ್ ಸೊಪ್ಪಿಗೆ ಬಲೆ ಹೊದಿಸಿದಳು.

ಮರುವಾರ ಸಂಘದ ಅಧ್ಯಕ್ಷರಾದ ಎಗೋನ್ ಪ್ರೀಸ್ನರ್ ದಯಮಾಡಿಸಿದರು. ತೆರಿಗೆ ಇಲಾಖೆಯಿಂದ ನಿವೃತ್ತರು. ಜೇಬಿನಲ್ಲಿ ಸದಾ ಮಡಿಸುವ ಅಳತೆಗೋಲು, ಕಂಕುಳಲ್ಲಿ ನಿಯಮಾವಳಿ. ಮೊದಲು ನಮ್ಮ ಬೇಲಿ ಅಳೆದರು, ಅಭ್ಯಾಸಬಲದಿಂದ. ಆಮೇಲೆ ಗಂಟಲು ಸರಿಮಾಡಿಕೊಂಡರು.

“ಝಾಸ್ಸೆ ಅವರೇ, ಹದಿನಾಲ್ಕನೇ ನಿಯಮ. ಜೇನು ಸಾಕಬಹುದು. ಮೊಲ ಎರಡರವರೆಗೆ. ಕಾಂಗರೂ ವಿಚಾರದಲ್ಲಿ ನಿಯಮ ಮೌನವಾಗಿದೆ. ಮೌನ ಅಂದ್ರೆ ಒಪ್ಪಿಗೆ ಅಲ್ಲ. ಎಲ್ಲಿದೆ ಅದು?”

“ಡಬ್ಬಿಯಲ್ಲಿ,” ಎಂದ ಓರ್ಟ್ವಿನ್.

ಅಧ್ಯಕ್ಷರು ನೀಲಿ ಡಬ್ಬಿಯನ್ನು ನೋಡಿದರು. ಅಳತೆಗೋಲು ತೆಗೆದು ಅಳೆದರು. “ಅರವತ್ತಕ್ಕೆ ನಲವತ್ತು. ಇದರಲ್ಲಿ ಉಸಿರಾಡೋದು ಹೇಗ್ರೀ?”

“ಉಸಿರಾಡಲ್ಲ ಸಾರ್.”

‘ಪ್ರಾಣಿ ಉಸಿರಾಡುತ್ತಿಲ್ಲ’ ಎಂದು ಬರೆದುಕೊಂಡರು ಅಧ್ಯಕ್ಷರು. “ತೆಗೀರಿ, ನೋಡೋಣ.”

ಓರ್ಟ್ವಿನ್ ಮುಚ್ಚಳಕ್ಕೆ ಕೈ ಹಾಕಿದ. ಆಗ ನೆನಪಾಯಿತು, ಒಳಗಿನ ಪೊಟ್ಟಣಗಳ ಮೇಲೆ ಅಂಗಡಿಯವನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಚೀಟಿ. ಬೇಲಿಯಾಚೆ ಇರ್ಮ್‌ಗಾರ್ಟ್ ನೀರು ಹಾಕುವ ಕ್ಯಾನು ಹಿಡಿದು ಹತ್ತು ನಿಮಿಷದಿಂದ ಒಂದೇ ಗಿಡಕ್ಕೆ ನೀರು ಹಾಕುತ್ತಿದ್ದಳು. ಓರ್ಟ್ವಿನ್ ಮುಚ್ಚಳ ಬಿಟ್ಟು, ಡಬ್ಬಿಯ ಮೇಲೆ ಕೂತುಬಿಟ್ಟ.

“ತೆಗೆಯಲ್ಲ.”

“ಅಂದ್ರೆ?”

“ಬೇರೆ ಯಾವತ್ತಾದ್ರೂ ತೆಗೀತೀನಿ. ಇವತ್ತು ಬೇಡ. ಗಾಳಿ ಸರಿಯಿಲ್ಲ.”

‘ತೋಟಗಾರ ಪ್ರಾಣಿಯ ಮೇಲೆ ಕೂತಿದ್ದಾನೆ’ ಎಂದು ಬರೆದುಕೊಂಡು ಅಧ್ಯಕ್ಷರು ಹೊರಟರು. ಆ ವರದಿಯ ಒಂದು ಪ್ರತಿ ನಗರದ ಪಶು ಇಲಾಖೆಗೂ ಹೋಯಿತು. ಜೊತೆಗೆ ಒಂದು ಸಾಲು: ತನಿಖೆಯಲ್ಲಿ ತಪ್ಪು ಸಾಬೀತಾದರೆ ಮೂವತ್ತೇಳನೇ ತೋಟವನ್ನು ವಾಪಸು ಪಡೆಯಲಾಗುವುದು. ಹತ್ತೊಂಬತ್ತು ವರ್ಷ ಅವನು ಕೈಯಾರೆ ಬೆಳೆಸಿದ ತೋಟ.

ಓರ್ಟ್ವಿನ್‌ಗೆ ತೋಟದ ಚಿಂತೆಗಿಂತ ನಾಯಿಯ ಚಿಂತೆ ದೊಡ್ಡದು. ಎರಡು ವಾರ ಕಳೆದರೂ ತುರಿಕೆ ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ದಿನಾ ಸಂಜೆ ಏಳಕ್ಕೆ ರೋಸ್ವಿಥಾ ಫೋನು.

“ಹೊಟ್ಟೆ?”

“ಕೆಂಪಗಿದೆ.”

“ಬೇರೇನಾದ್ರೂ ತಿಂದ್ಲಾ?”

“ಒಂದು ಕಾಳೂ ಇಲ್ಲ ರೋಸ್ವಿಥಾ. ನನ್ನಾಣೆ.”

“ಮತ್ತೆ ಹೇಗೋ?”

“ಅದೇ ಗೊತ್ತಾಗ್ತಿಲ್ಲ.”

ಅವನು ಹುಲ್ಲನ್ನು ಅನುಮಾನಿಸಿದ. ಎಳೆಗೂಸಿನ ಎರಡು ಜೊತೆ ಕಾಲುಚೀಲ ತಂದು ಲಿನ್ಸೆಯ ನಾಲ್ಕು ಕಾಲಿಗೂ ತೊಡಿಸಿದ. ಹಳದಿ ಕಾಲುಚೀಲ, ಮೇಲೆ ಬಾತುಕೋಳಿ ಚಿತ್ರ. ಬೀದಿಯಲ್ಲಿ ಬಿದ್ದ ಬಿಸ್ಕತ್ತಿನ ಚೂರು ಬಾಯಿಗೆ ಹೋಗಬಾರದೆಂದು ಅವಳನ್ನು ಶಾಲಿನಲ್ಲಿ ಕಟ್ಟಿ ಎದೆಗೆ ನೇತುಹಾಕಿಕೊಂಡು ಓಡಾಡಿದ. ಅರವತ್ತಾರು ವರ್ಷದ ಗಂಡಸು ಎದೆಯ ಮೇಲೆ ಕಾಲುಚೀಲ ತೊಟ್ಟ ನಾಲ್ಕು ಪಾದಗಳನ್ನು ಹೊತ್ತು ಬರುವುದನ್ನು ಕಂಡು, ಕಾಂಗರೂವಿನ ಮರಿಯ ಸುದ್ದಿ ನಿಜ ಎಂದು ಐವತ್ತನೇ ತೋಟದವರು ಖಚಿತಪಡಿಸಿದರು.

ಮೂರನೇ ವಾರದ ಗುರುವಾರ ಪಶು ಇಲಾಖೆಯಿಂದ ಲೋರೆನ್ಸನ್ ಎಂಬ ಅಧಿಕಾರಿ ಬಂದರು. ಶಾಂತ ಸ್ವಭಾವದ ಹೆಂಗಸು. ಕಾಂಗರೂ ಹಿಡಿಯುವ ಬಲೆ ಕಚೇರಿಯಲ್ಲಿ ಇಲ್ಲದ್ದರಿಂದ ಹಂಸ ಹಿಡಿಯುವ ಬಲೆ ತಂದಿದ್ದರು. ಅವರ ಹಿಂದೆ ಅಧ್ಯಕ್ಷರು, ಅಧ್ಯಕ್ಷರ ಹಿಂದೆ ಇಪ್ಪತ್ತು ಮೂವತ್ತು ಜನ. ಕೆಲವರು ಮಡಿಸುವ ಕುರ್ಚಿಯನ್ನೂ ತಂದಿದ್ದರು. ಓರ್ಟ್ವಿನ್ ಡಬ್ಬಿಯ ಮೇಲೆಯೇ ಕೂತಿದ್ದ, ತೊಡೆಯ ಮೇಲೆ ಲಿನ್ಸೆ.

“ಏಳ್ತೀರಾ ಸ್ವಲ್ಪ?” ಎಂದರು ಲೋರೆನ್ಸನ್.

“ಎಲ್ಲರನ್ನೂ ಸ್ವಲ್ಪ ಆಚೆ ಕಳಿಸ್ತೀರಾ?”

“ಇದು ಸಾರ್ವಜನಿಕ ತನಿಖೆ!” ಎಂದರು ಅಧ್ಯಕ್ಷರು.

ಓರ್ಟ್ವಿನ್ ಎದ್ದ. ಲೋರೆನ್ಸನ್ ಮುಚ್ಚಳ ತೆಗೆದು, ಮಂಜುಗಡ್ಡೆ ಸರಿಸಿ, ಒಂದು ಪೊಟ್ಟಣ ಎತ್ತಿ, ಸರ್ಕಾರಿ ದನಿಯಲ್ಲಿ ಓದಿದರು: “ಕುದುರೆ ಮಾಂಸ. ತುಂಡು. ಎರಡು ಕಿಲೋ.”

ಮೂವತ್ತು ತಲೆಗಳು ಒಟ್ಟಿಗೆ ಹುಲ್ಲುಗಾವಲಿನ ಕಡೆ ತಿರುಗಿದವು.

ಹುಲ್ಲುಗಾವಲು ಖಾಲಿ.

ಇರ್ಮ್‌ಗಾರ್ಟ್ ಕೈಯಿಂದ ಕ್ಯಾನು ಬಿತ್ತು. “ಫ್ರಿಡೋಲಿನ್!” ಅಂದವಳು ಆ ವಯಸ್ಸಿನಲ್ಲಿ ಗೇಟು ತೆಗೆಯದೆ ಬೇಲಿ ದಾಟಿದಳು. ಅವಳ ಹಿಂದೆ ನಾವು. ನಮ್ಮೆಲ್ಲರಿಗಿಂತ ಮುಂದೆ ಓರ್ಟ್ವಿನ್, ನಾಯಿಯನ್ನು ಅವಚಿಕೊಂಡು, “ಫ್ರಿಡೋಲಿನ್! ಫ್ರಿಡೋಲಿನ್!” ಎಂದು ಕೂಗುತ್ತ. ಅಷ್ಟು ಹೊತ್ತಿಗೆ ಅವನಿಗೇ ತನ್ನ ಮೇಲೆ ಅನುಮಾನ ಬಂದಿರಬೇಕು.

ಮೂಲೆಯ ಪೊದೆಯ ಹಿಂದಿನಿಂದ ಫ್ರಿಡೋಲಿನ್ ಎದ್ದು ನಿಂತ. ನೆರಳಲ್ಲಿ ಒಂದು ನಿದ್ದೆ ಮುಗಿಸಿದ್ದ. ಮೈಕೊಡವಿ, ಇಷ್ಟು ಜನ ತನಗಾಗಿ ಬಂದದ್ದನ್ನು ಕಂಡು ಆಕಳಿಸಿದ.

‘ಕುದುರೆ ಇದೆ’ ಎಂದು ಬರೆದುಕೊಂಡರು ಅಧ್ಯಕ್ಷರು.

ಇರ್ಮ್‌ಗಾರ್ಟ್ ಕುದುರೆಯ ಕುತ್ತಿಗೆ ತಬ್ಬಿಕೊಂಡು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಓರ್ಟ್ವಿನ್ ಕಡೆ ತಿರುಗಿದಳು.

“ಮೂರು ವಾರದಿಂದ ನನ್ನ ಬೇಲಿ ಪಕ್ಕದಲ್ಲೇ ಕುದುರೆ ಬೇಯಿಸ್ತಿದೀಯಾ? ಇವನ ಲದ್ದಿ ತಗೊಂಡು ಗುಲಾಬಿ ಬೆಳೆದು, ಇವನ ಬಳಗವನ್ನೇ ಪಾತ್ರೆಗೆ ಹಾಕ್ತೀಯಾ? ಮನುಷ್ಯನೇನೋ ನೀನು?”

“ನಿನಗೆ ಬೇಜಾರಾಗುತ್ತೆ ಅಂತಾನೇ ಹೇಳ್ಲಿಲ್ಲ ಇರ್ಮ್‌ಗಾರ್ಟ್.”

“ಈಗ ನಾನು ಸಂತೋಷವಾಗಿದೀನಾ?”

ಲೋರೆನ್ಸನ್ ನಡುವೆ ಬಂದರು. “ಝಾಸ್ಸೆ ಅವರೇ, ಈ ಮಾಂಸ ಯಾಕೆ ಬೇಕಾಯ್ತು, ಅದನ್ನ ಹೇಳಿ.”

ಓರ್ಟ್ವಿನ್ ಹೇಳಿದ. ಪಶುವೈದ್ಯೆಯ ಪಟ್ಟಿ, ಎಂಟು ವಾರದ ಪಥ್ಯ, ತಕ್ಕಡಿಯ ಗೆಣಸು, ಎಲ್ಲವನ್ನೂ ಹೇಳಿ, ಲಿನ್ಸೆಯನ್ನು ಮಗ್ಗುಲಾಗಿ ತಿರುಗಿಸಿ ಹೊಟ್ಟೆ ತೋರಿಸಿದ. ಕೆಂಪಗೆ, ಕೂದಲುದುರಿ, ಸುಟ್ಟ ಚರ್ಮದ ಹಾಗಿತ್ತು. “ಕುದುರೆ, ಗೆಣಸು, ನೀರು. ಬೇರೆ ಒಂದು ಚೂರೂ ಕೊಟ್ಟಿಲ್ಲ. ಆದ್ರೂ ಹೀಗೇ ಇದೆ. ನಾನು ಎಲ್ಲಿ ತಪ್ಪಿದೆ ಅಂತಾನೇ ತಿಳೀತಿಲ್ಲ ಮೇಡಂ. ನಾಡಿದ್ದು ರೋಸ್ವಿಥಾ ಬರ್ತಾಳೆ.” ಲಿನ್ಸೆ ಅವನ ಗಲ್ಲ ನೆಕ್ಕಿ, ಮತ್ತೆ ಕಂಕುಳು ಕೆರೆದುಕೊಂಡಳು.

ಇರ್ಮ್‌ಗಾರ್ಟ್ ಮುಖದ ಬಣ್ಣ ಬದಲಾಯಿತು.

“ಒಂದು ಚೂರೂ ಕೊಡಬಾರದಿತ್ತಾ?”

“ಒಂದು ಚೂರೂ.”

“ಪುಟ್ಟ ಚೂರು?”

“ಇರ್ಮ್‌ಗಾರ್ಟ್...”

“ದಿನಕ್ಕೆ ಒಂದೇ ಒಂದು ಕಣೋ. ನೀನು ಗೆಣಸು ತೂಗೋವಾಗ. ಕರುವಿನ ಲಿವರ್ ಸಾಸೇಜು, ಬೇಲಿ ಮೇಲಿಂದ. ಪಾಪದ್ದು, ಕಾಂಗರೂ ತಿಂದು ತಿಂದು ಬಾಯಿ ಕೆಟ್ಟಿರುತ್ತೆ ಅಂತ!”

ಗುಂಪಿನಲ್ಲಿ ಕೆಮ್ಮು ಶುರುವಾಯಿತು. ಹನ್ನೆರಡನೇ ತೋಟದವಳು ಬೆಣ್ಣೆ ಬಿಸ್ಕತ್ತು ಒಪ್ಪಿಕೊಂಡಳು. ಐವತ್ತರವರು ಹಂದಿಮಾಂಸದ ಹುರಿದ ಸಾಸೇಜಿನ ತುದಿ ಒಪ್ಪಿಕೊಂಡರು. ಅಧ್ಯಕ್ಷರು ನಿಯಮಾವಳಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿ, “ಡಬ್ಬಿ ಅಳೆದ ದಿನ ನಾನೂ ಅರ್ಧ ಬನ್ನು ಕೊಟ್ಟಿದ್ದೆ. ನಾಯಿ ಸ್ವಭಾವ ತಿಳಿಯೋಕೆ,” ಎಂದರು.

ಇಲ್ಲಿಯವರೆಗೆ ನಾನು ನನ್ನ ವಿಷಯ ಹೆಚ್ಚು ಹೇಳಿಲ್ಲ. ಕಾರಣ ಇದೆ. ನನ್ನದು ಗಿಣ್ಣು, ಅಂದರೆ ಚೀಸ್. ದಿನಾ ಬೆಳಿಗ್ಗೆ, ಉಗುರಿನಷ್ಟು. ಆ ನಾಯಿ ನೋಡುವ ರೀತಿ ನೀವು ನೋಡಿದ್ದರೆ ನೀವೂ ಕೊಡುತ್ತಿದ್ದಿರಿ.

ಓರ್ಟ್ವಿನ್ ಕೂಗಾಡಲಿಲ್ಲ. ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. ಕೂಗಾಡಿದ್ದರೆ ವಾಸಿಯಿತ್ತು. ನಾಯಿಯನ್ನು ಕೆಳಗಿಳಿಸಿ, “ಹಾಗಾದ್ರೆ ಇವತ್ತು ಒಂದನೇ ದಿನ,” ಎಂದ, ತನಗೆ ತಾನೇ.

ಲೋರೆನ್ಸನ್ ಹಂಸದ ಬಲೆ ಮಡಿಸಿದರು. “ಇಲ್ಲಿ ಕಾಂಗರೂ ಇಲ್ಲ, ಅಪರಾಧ ಇಲ್ಲ. ನಾಯಿಗೆ ಹಿತೈಷಿಗಳು ಜಾಸ್ತಿ ಆಗಿದಾರೆ ಅಷ್ಟೆ,” ಎಂದು ಹೇಳಿ ಹೊರಟುಹೋದರು. ತೋಟ ವಾಪಸು ಪಡೆಯುವ ಮಾತನ್ನು ಅಧ್ಯಕ್ಷರು ಮತ್ತೆ ಎತ್ತಲಿಲ್ಲ. ಬನ್ನಿನ ಪ್ರಕರಣ ಇತ್ತಲ್ಲ.

ಶನಿವಾರ ರೈಲುನಿಲ್ದಾಣಕ್ಕೆ ಓರ್ಟ್ವಿನ್ ಜೊತೆ ಇರ್ಮ್‌ಗಾರ್ಟ್ ತಾನಾಗಿಯೇ ಹೋದಳು. “ಸಾಸೇಜು ನಂದು, ಬೈಗುಳಾನೂ ನಂದೇ,” ಎಂದಳಂತೆ. ರೋಸ್ವಿಥಾ ಪೆಟ್ಟಿಗೆ ಇಳಿಸಿ, ನಾಯಿಯ ಹೊಟ್ಟೆ ನೋಡಿ, ಇಬ್ಬರ ಕಥೆಯನ್ನೂ ಪೂರ್ತಿ ಕೇಳಿದಳು.

“ಎಲ್ಲಾ ಅರ್ಥ ಆಯ್ತು. ಕಾಂಗರೂ ಯಾಕೆ?”

“ನಿಜ ಹೇಳೋಣ ಅಂತಾನೇ ಇದ್ದೆ,” ಎಂದ ಓರ್ಟ್ವಿನ್. “ಫ್ರಿಡೋಲಿನ್ ನೋಡ್ತಿದ್ದ.”

ರೋಸ್ವಿಥಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ನಕ್ಕಳು. ಮೂರು ವಾರ ರಿಪೇರಿಯಾದ ಮಂಡಿ ಮತ್ತೆ ನೋಯುವವರೆಗೆ ನಕ್ಕಳು. ಆಮೇಲೆ ಓರ್ಟ್ವಿನ್‌ನ ಎರಡು ಕಿವಿಯನ್ನೂ ಹಿಂಡಿದಳು. ಮಾತಿಗೆ ತಪ್ಪುವವಳಲ್ಲ.

ಇರ್ಮ್‌ಗಾರ್ಟ್ ಎರಡು ಷರತ್ತು ಹಾಕಿದಳು. ಬೇಯಿಸುವಾಗ ಪಾತ್ರೆಗೆ ಮುಚ್ಚಳ ಇರಬೇಕು. ಫ್ರಿಡೋಲಿನ್‌ಗೆ ಕೇಳುವಷ್ಟು ದೂರದಲ್ಲಿ ಎಲ್ಲರೂ ಅದನ್ನು ಕಾಂಗರೂ ಎಂದೇ ಕರೆಯಬೇಕು. ಎರಡೂ ಒಪ್ಪಿಗೆಯಾಯಿತು. ಅಧ್ಯಕ್ಷರು ಸೂಚನಾಫಲಕದಲ್ಲಿ ಹೊಸ ನಿಯಮ ಅಂಟಿಸಿದರು: ‘ಮೂವತ್ತೇಳನೇ ತೋಟದ ನಾಯಿಯ ಕಣ್ಣನ್ನು ಯಾರೂ ನೇರವಾಗಿ ನೋಡತಕ್ಕದ್ದಲ್ಲ.’ ನಾನು ಗಿಣ್ಣನ್ನು ಗುಡಿಸಲೊಳಗೆ, ಬಾಗಿಲು ಹಾಕಿಕೊಂಡು, ಕಳ್ಳನ ಹಾಗೆ ತಿಂದೆ.

ಒಂದನೇ ದಿನದಿಂದ ಎಣಿಕೆ ಮತ್ತೆ ಶುರುವಾಯಿತು. ಮೂರನೇ ವಾರಕ್ಕೆ ಬೆರಳ ಸಂದು ಒಣಗಿತು. ಐದನೆಯದಕ್ಕೆ ಹೊಟ್ಟೆಯ ಕೆಂಪು ಇಳಿದು, ಎಳೆಯ ಕೂದಲು ಮೂಡಿತು. ಆರನೆಯದರಲ್ಲಿ ಝಾಸ್ಸೆಯವರ ಕೆಳಮನೆಯವರು ಮೇಲೆ ಬಂದು, ಮರಗೆಲಸ ಯಾಕೆ ನಿಲ್ಲಿಸಿದಿರಿ, ಆರೋಗ್ಯ ಚೆನ್ನಾಗಿದೆಯೇ ಎಂದು ವಿಚಾರಿಸಿಕೊಂಡು ಹೋದರು. ಎಂಟು ವಾರ ಮುಗಿದಾಗ ಲಿನ್ಸೆ ಹುಲ್ಲಿನ ಮೇಲೆ ಹೊಟ್ಟೆ ಮೇಲೆ ಮಾಡಿ, ಕಾಲು ನಾಲ್ಕೂ ದಿಕ್ಕಿಗೆ ಚಾಚಿ ಮಲಗುತ್ತಿದ್ದಳು. ಓರ್ಟ್ವಿನ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಆ ಹೊಟ್ಟೆಯನ್ನೇ ನೋಡುತ್ತ ಕೂರುತ್ತಿದ್ದ. ಬೇರೆ ಗಂಡಸರು ಸಮುದ್ರ ನೋಡುವ ಹಾಗೆ.

ಆಮೇಲೆ ಒಂದೊಂದೇ ತಿಂಡಿಯನ್ನು ಮರಳಿ ಕೊಟ್ಟು ನೋಡಬೇಕೆಂದರು ಡಾಕ್ಟರು. ಅಪರಾಧಿ ದನದ ಮಾಂಸ ಎಂದು ಅಕ್ಟೋಬರಿನಲ್ಲಿ ಗೊತ್ತಾಯಿತು. ಕರುವಿನದ್ದು ಕೊಟ್ಟ ಎರಡೇ ದಿನಕ್ಕೆ ಟಕಟಕ ಶುರು, ನಿಲ್ಲಿಸಿದ ವಾರದಲ್ಲಿ ಮಾಯ. ಇರ್ಮ್‌ಗಾರ್ಟ್ ಮನೆಗೆ ಅಂದಿನಿಂದ ಆ ಸಾಸೇಜು ಬಂದಿಲ್ಲ. ಆದರೆ ನಾನು ಹೇಳಿ ಮುಗಿಸಬೇಕಾದದ್ದು ಮೊದಲ ಪರೀಕ್ಷೆಯ ದಿನದ ಮಾತು. ಅಂದು ಕೋಳಿಯ ಸರದಿ.

ಆಗಸ್ಟಿನ ಒಂದು ಭಾನುವಾರ. ಗುಟ್ಟಾಗಿ ಮಾಡಬೇಕೆಂದೇ ಓರ್ಟ್ವಿನ್ ಇದ್ದ. ಹನ್ನೊಂದು ಗಂಟೆಗೆ ನೋಡಿದರೆ ಇಡೀ ಸಂಘ ಬೇಲಿಯ ಸುತ್ತ ನಿಂತಿತ್ತು. ರೋಸ್ವಿಥಾ ಒಂದು ಚಮಚ ಬೇಯಿಸಿದ ಕೋಳಿಯನ್ನು ತಟ್ಟೆಗೆ ಹಾಕಿದಳು. ಲಿನ್ಸೆ ಒಂದೇ ನೆಕ್ಕಿಗೆ ಮುಗಿಸಿ, ಇಷ್ಟೇನಾ ಅನ್ನುವ ಹಾಗೆ ತಟ್ಟೆಯ ಅಡಿಯನ್ನೂ ನೋಡಿದಳು. ತುರಿಕೆ ಬರುವುದಾದರೆ ದಿನಗಳೇ ಹಿಡಿಯಬಹುದು ಎಂದು ಓರ್ಟ್ವಿನ್ ಮೂರು ಸಲ ಹೇಳಿದ. ಯಾರೂ ಕದಲಲಿಲ್ಲ.

ಅಧ್ಯಕ್ಷರು ಗಡಿಯಾರ ಹಿಡಿದರು. ನಾವೆಲ್ಲ ಆ ಹಿಂಗಾಲನ್ನೇ ನೋಡುತ್ತ ನಿಂತೆವು. ಐದು ನಿಮಿಷ, ಹತ್ತು ನಿಮಿಷ. ಬಿಸಿಲು ಸುಮ್ಮನೆ ಬೀಳುತ್ತಿತ್ತು. ಎಲ್ಲಿಯೋ ಒಂದು ಜೇನುಹುಳ ಗುಂಯ್‌ಗುಟ್ಟಿತು.

ತುರಿಕೆಯನ್ನು ಅಷ್ಟು ಹೊತ್ತು ಒಂದೇ ಮನಸ್ಸಿನಿಂದ ಕಾಯಬಾರದು. ಮೊದಲು ಹನ್ನೆರಡನೇ ತೋಟದವಳು ಮೊಣಕೈ ಕೆರೆದುಕೊಂಡಳು. ಅವಳನ್ನು ನೋಡಿ ಅವಳ ಗಂಡ ಕುತ್ತಿಗೆಗೆ ಕೈ ಹಾಕಿದ. ನನಗೆ ಬೆನ್ನಿನ ನಡುವೆ, ಕೈಗೆಟುಕದ ಆ ಜಾಗದಲ್ಲೇ ಶುರುವಾಯಿತು. ಬೇಲಿಯ ಗೂಟಕ್ಕೆ ಬೆನ್ನು ಉಜ್ಜಿದೆ. ಐವತ್ತರವರು ಒಬ್ಬರ ಬೆನ್ನು ಒಬ್ಬರು ಕೆರೆದರು. ಅಧ್ಯಕ್ಷರು ಬಹಳ ತಡೆದು ನೋಡಿದರು, ಆಗಲಿಲ್ಲ. ಅಳತೆಗೋಲನ್ನು ಪೂರ್ತಿ ಬಿಚ್ಚಿ, ಅಂಗಿಯ ಕಾಲರಿನೊಳಗೆ ಇಳಿಬಿಟ್ಟು, ಎಂಬತ್ತನೇ ಸೆಂಟಿಮೀಟರಿನವರೆಗೆ ಉಜ್ಜಿಕೊಂಡರು.

ಲಿನ್ಸೆ ಮಾತ್ರ ಕದಲದೆ ಕೂತಿದ್ದಳು. ನಮ್ಮನ್ನು ಒಂದು ಸುತ್ತು ನೋಡಿದಳು. ಮೆಲ್ಲಗೆ ಎದ್ದು, ಇದು ತನಗೂ ಅಂಟೀತೆಂಬ ಭಯವಿದ್ದವಳ ಹಾಗೆ, ಓರ್ಟ್ವಿನ್ ಕುರ್ಚಿಯ ಕೆಳಗೆ ಹೋಗಿ ಕೂತಳು.

ಆಗ ಇರ್ಮ್‌ಗಾರ್ಟ್ ಫ್ರಿಡೋಲಿನ್‌ಗೆ ಹುಲ್ಲು ಹಾಕಿ ಬಂದಳು. ಬೇಲಿಯ ಉದ್ದಕ್ಕೂ ಮೈ ಪರಚಿಕೊಳ್ಳುತ್ತ ನಿಂತ ನಲವತ್ತು ಜನರನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ ಕೇಳಿದಳು:

“ಓರ್ಟ್ವಿನ್, ಇವರಿಗೆಲ್ಲ ಏನೋ ತಿನ್ನಿಸಿದೆ?”